‘ಆ ಶೋಗೆ ನಾನೂ ಹೋಗಿದ್ದೆ!’ ಕಣ್ಣಿಗೆ ಕಟ್ಟಿದಂತಿರುವ ನೆನಪೆಲ್ಲ ನಿಜವೇ?

ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂದೇ ಬರುತ್ತದೆ. ಕಳಿಸುವವರು ಮಲ್ಲಸಮುದ್ರದ ನಮ್ಮ ಕಾಕಾ. ಉದ್ದ ಕೂದಲಿನ ಐವರು ಬಿಳಿಯರು, ಕೈಯಲ್ಲಿ ಗಿಟಾರು, ಮೇಲೆ ‘ರೋಲಿಂಗ್ ಸ್ಟೋನ್ಸ್, ಬೆಂಗಳೂರು 2003’ ಎಂಬ ದಪ್ಪ ಅಕ್ಷರ. ಕೆಳಗೆ ಕಾಕಾನ ಒಕ್ಕಣೆ: ‘ಈ ಶೋಕ್ಕ ನಾನೂ ನನ್ನ ದೋಸ್ತನೂ ಕೂಡೇ ಹೋಗಿದ್ವಿ. ಮಳ್ಯಾಗ ತೊಯ್ಕೊಂತ ನಿಂತ ನೋಡೇವಿ.’

ಆ ದೋಸ್ತ ಹೋದ ವರ್ಷ ತೀರಿಕೊಂಡರು. ಹಾಗಾಗಿ ಈ ಸಲದ ಒಕ್ಕಣೆ ಸ್ವಲ್ಪ ಉದ್ದವಿತ್ತು. ಮಳೆ, ಕೆಸರು, ಇಬ್ಬರೂ ಒಂದೇ ಟವೆಲ್ ತಲೆಯ ಮೇಲೆ ಹಿಡಿದು ನಿಂತದ್ದು, ಎಲ್ಲ ಇತ್ತು. ಹತ್ತಿಪ್ಪತ್ತು ಜನ ಕೈ ಮುಗಿದ ಚಿಹ್ನೆ ಹಾಕಿದರು. ಆಮೇಲೆ ದೋಸ್ತನ ಮಗಳು ಒಂದು ಸಾಲು ಬರೆದಳು: ‘ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಅವತ್ತ ಅಪ್ಪಾ ಬೆಂಗಳೂರಾಗ ಇರಲಿಲ್ಲರಿ. ಗದಗಿನ ದವಾಖಾನ್ಯಾಗ ಇದ್ರು. ಅವತ್ತ ರಾತ್ರೀನ ನಾ ಹುಟ್ಟೇನಿ.’

ಗ್ರೂಪು ಬಿಸಿಯಾಯಿತು. ‘ಇಷ್ಟ ವರ್ಷ ಕಾಕಾ ಪುಗ್ಗಾ ಬಿಟ್ಟಾರ’ ಅಂದವರು ಕೆಲವರು. ‘ಮರವಿನ ಜಡ್ಡ ಸುರು ಆಗಿರಬೇಕ, ತೋರಸ್ರಿ’ ಅಂದವರು ಕೆಲವರು. ಜೊತೆಗೆ ಯಾರೋ ‘ಮೆದುಳಿನ ಆರೋಗ್ಯ ಪರೀಕ್ಷಿಸಿಕೊಳ್ಳುವ 7 ಲಕ್ಷಣಗಳು’ ಎಂಬ ಫಾರ್ವರ್ಡನ್ನೂ ತಂದು ಹಾಕಿದರು. ಕಾಕಾ ಏನೂ ಬರೆಯದೆ ಗ್ರೂಪು ಬಿಟ್ಟರು.

ಕಾಕಾ ಸುಳ್ಳು ಹೇಳಿರಲಿಲ್ಲ. ಅವರಿಗೆ ಮರೆವಿನ ಕಾಯಿಲೆಯೂ ಇಲ್ಲ. ವಯಸ್ಸು ಇನ್ನೂ ಐವತ್ತು ದಾಟಿಲ್ಲ, ಅಂಗಡಿಯ ಉದ್ರಿ ಲೆಕ್ಕ ಬಾಯಲ್ಲೇ ಹೇಳುತ್ತಾರೆ. ಹಾಗಾದರೆ ಬಾರದೇ ಇದ್ದ ಗೆಳೆಯ ಆ ನೆನಪಿನೊಳಗೆ ಹೊಕ್ಕದ್ದು ಹೇಗೆ? ಇದು ಕಾಕಾ ಒಬ್ಬರ ಸಮಸ್ಯೆ ಅಲ್ಲ. ನನ್ನ ತಲೆಯಲ್ಲೂ ನಿಮ್ಮ ತಲೆಯಲ್ಲೂ ಇಂಥವು ಇವೆ, ಯಾವುವು ಅಂತ ನಮಗೆ ಗೊತ್ತಿಲ್ಲ ಅಷ್ಟೇ.

ಮೊದಲು ಗೊತ್ತಿರುವ ಸಂಗತಿ

ರೋಲಿಂಗ್ ಸ್ಟೋನ್ಸ್ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ್ದು 2003ರ ಏಪ್ರಿಲ್ 4ರಂದು, ಶುಕ್ರವಾರ. ಯುಗಾದಿ ಮುಗಿದು ಎರಡೇ ದಿನ. ವಿಶ್ವಕಪ್ ಫೈನಲ್‌ನಲ್ಲಿ ಭಾರತ ಆಸ್ಟ್ರೇಲಿಯಕ್ಕೆ ಸೋತು ಹನ್ನೆರಡು ದಿನ. ಅಂದು ಮಳೆ ಬಂದದ್ದೂ ನಿಜ. ಆ ವರ್ಷಗಳಲ್ಲಿ ಹಳೆಯ ದೊಡ್ಡ ರಾಕ್ ತಂಡಗಳಿಗೆ ಬೆಂಗಳೂರು ಒಂದು ಖಾಯಂ ನಿಲ್ದಾಣವಾಗಿತ್ತು. 2002ರಲ್ಲಿ ರೋಜರ್ ವಾಟರ್ಸ್, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬಂದವು. ಮೆಟಾಲಿಕಾ ಬರುವ ಎರಡು ದಿನ ಮೊದಲು ಗುರುಗ್ರಾಮದ ಶೋ ರದ್ದಾಗಿ ಅಲ್ಲಿ ಗಲಾಟೆಯೇ ಆಗಿತ್ತು. ಹಾಗಾಗಿ ಬೆಂಗಳೂರಿನಲ್ಲಿ ಆದೀತೋ ಇಲ್ಲವೋ ಎಂದು ಹುಡುಗರು ಉಗುರು ಕಚ್ಚುತ್ತ ಕಾದಿದ್ದರು.

ಕಾಕಾ ಆಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ದೋಸ್ತನೂ ಅಲ್ಲೇ. ಇಬ್ಬರದೂ ಒಂದೇ ರೂಮು. ಗೋಡೆಗೆ ಸ್ಟೋನ್ಸ್ ತಂಡದ ಹಳೆಯ ಪೋಸ್ಟರು ಅಂಟಿಸಿದ್ದರಂತೆ. ಶೋಗೆ ಹೋದದ್ದಕ್ಕೆ ಕಾಕಾನ ಹತ್ತಿರ ಅರ್ಧ ಹರಿದ ಟಿಕೆಟ್ ಈಗಲೂ ಇದೆ. ಅಂದರೆ ಅವರು ಹೋದದ್ದು ಸುಳ್ಳಲ್ಲ, ಮೈದಾನ ಸುಳ್ಳಲ್ಲ, ಮಳೆ ಸುಳ್ಳಲ್ಲ.

ಆದರೆ ದೋಸ್ತನ ವಿಷಯ ಬಿಟ್ಟು ಇನ್ನೊಂದು ತಪ್ಪೂ ಇತ್ತು. ಅದನ್ನು ನಾನೇ ಹಿಡಿದೆ, ಹಿಡಿದದ್ದಕ್ಕೆ ಸ್ವಲ್ಪ ಹೆಮ್ಮೆಯೂ ಪಟ್ಟೆ. ಕಾಕಾ ಯಾವಾಗಲೂ ಹೇಳುತ್ತಿದ್ದುದು: ‘ಬಿಲ್ ವೈಮನ್ ಒಂದ ಮೂಲ್ಯಾಗ ಕಂಬ ನಿಂತಂಗ ನಿಂತು ಬೇಸ್ ಗಿಟಾರ್ ಬಾರಸ್ತಿದ್ದ.’ ವೈಮನ್ ಹಾಗೆ ಅಲುಗಾಡದೆ ನಿಲ್ಲುವುದಕ್ಕೇ ಹೆಸರಾದವನು. ಆದರೆ ಆತ ತಂಡ ಬಿಟ್ಟ ಸುದ್ದಿ 1993ರಲ್ಲೇ ಹೊರಬಿದ್ದಿತ್ತು. ಬೆಂಗಳೂರಿಗೆ ಬಂದ ಪ್ರವಾಸದಲ್ಲಿ ಬೇಸ್ ನುಡಿಸಿದ್ದು ಡ್ಯಾರಿಲ್ ಜೋನ್ಸ್ ಎಂಬ ಅಮೆರಿಕದ ಕಪ್ಪು ಸಂಗೀತಗಾರ. ಇಬ್ಬರನ್ನೂ ಒಬ್ಬರೆಂದು ತಪ್ಪು ತಿಳಿಯಲು ಯಾವ ಅವಕಾಶವೂ ಇಲ್ಲ.

ವೈಮನ್ ಎಲ್ಲಿಂದ ಬಂದ? ಪೋಸ್ಟರಿನಿಂದ. ದಿನಾ ಬೆಳಗ್ಗೆ ಕಣ್ಣು ಬಿಟ್ಟರೆ ಕಾಣುತ್ತಿದ್ದ ಮುಖ ಅದು. ಜೊತೆಗೆ ವರ್ಷಾ ವರ್ಷ ಫಾರ್ವರ್ಡ್ ಆಗುವ ಆ ಫೋಟೊದಲ್ಲೂ ಅವನೇ ಇದ್ದಾನೆ. ಅದು ಬೆಂಗಳೂರಿನ ಫೋಟೊ ಅಲ್ಲವೇ ಅಲ್ಲ ಎನ್ನುವುದಕ್ಕೂ ಅದೇ ಸಾಕ್ಷಿ. ಹಳೆಯ ಫೋಟೊಗೆ ಯಾರೋ ಹೊಸ ಅಕ್ಷರ ಹಾಕಿದ್ದಾರೆ.

ಮೆದುಳು ವಿಡಿಯೊ ಕ್ಯಾಮೆರಾ ಅಲ್ಲ

ನೆನಪು ಎಂದರೆ ತಲೆಯೊಳಗಿನ ಕಪಾಟಿನಲ್ಲಿ ಇಟ್ಟ ಕ್ಯಾಸೆಟ್ಟು, ಬೇಕಾದಾಗ ಹಾಕಿ ನೋಡಬಹುದು ಎಂದು ಬಹಳಷ್ಟು ಜನ ನಂಬಿದ್ದಾರೆ. ‘ಮೆದುಳು ಎಲ್ಲವನ್ನೂ ರೆಕಾರ್ಡ್ ಮಾಡುತ್ತದೆ, ನಾವು ತೆಗೆಯಲು ಮರೆಯುತ್ತೇವೆ ಅಷ್ಟೇ’ ಎನ್ನುವ ಫಾರ್ವರ್ಡನ್ನು ನೀವೂ ನೋಡಿರುತ್ತೀರಿ. ಇದು ತಪ್ಪು.

ಒಂದು ಘಟನೆಯ ಚೂರುಗಳು ಮೆದುಳಿನ ಬೇರೆ ಬೇರೆ ಕಡೆ ಉಳಿಯುತ್ತವೆ. ಕಂಡದ್ದು ಒಂದು ಕಡೆ, ಕೇಳಿದ್ದು ಒಂದು ಕಡೆ, ಆ ಹೊತ್ತಿನ ಖುಷಿ ಅಥವಾ ಹೆದರಿಕೆ ಇನ್ನೊಂದು ಕಡೆ. ಇವನ್ನೆಲ್ಲ ಒಂದಕ್ಕೊಂದು ಕಟ್ಟುವ ಕೆಲಸ ಕಿವಿಯ ನೇರಕ್ಕೆ ಒಳಗೆ ಇರುವ ಹಿಪೊಕ್ಯಾಂಪಸ್ ಎಂಬ ಭಾಗದ್ದು. ನೆನಪು ಮಾಡಿಕೊಂಡಾಗಲೆಲ್ಲ ಚೂರುಗಳನ್ನು ಮತ್ತೆ ಜೋಡಿಸಬೇಕು. ಕೌದಿ ಹೊಲಿಯುವವರನ್ನು ನೋಡಿದ್ದೀರಲ್ಲ, ಹಾಗೆ. ಒಂದು ತುಂಡು ಕಡಿಮೆ ಬಿದ್ದರೆ ಕೈಗೆ ಸಿಕ್ಕ ಹೊಂದುವ ತುಂಡನ್ನು ಹಾಕಿ ಹೊಲಿಯುತ್ತಾರೆ. ಮೆದುಳು ಮಾಡುವುದೂ ಅದನ್ನೇ, ಒಂದೇ ವ್ಯತ್ಯಾಸ: ಯಾವ ತುಂಡನ್ನು ಆಮೇಲೆ ಹಾಕಿದೆ ಎಂದು ಅದು ನಮಗೆ ಹೇಳುವುದಿಲ್ಲ.

ಹೀಗಾಗಿ ‘ಇದು ನನಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಯಲ್ಲೇ ನಾವು ಹೆಚ್ಚು ಎಡವುವುದು. ವಿಷಯ ನೆನಪಿರುತ್ತದೆ, ಅದು ಬಂದ ದಾರಿ ಮರೆತಿರುತ್ತದೆ. ಕಣ್ಣಾರೆ ಕಂಡೆನೋ, ಟಿವಿಯಲ್ಲಿ ನೋಡಿದೆನೋ, ಅಣ್ಣ ಹೇಳಿದ್ದು ಕೇಳಿದೆನೋ? ಇಪ್ಪತ್ತು ವರ್ಷದ ಮೇಲೆ ಮೂರೂ ಒಂದೇ ರೀತಿ ಕಾಣುತ್ತವೆ.

ರಾಕ್ ಅಭಿಮಾನಿಗಳಲ್ಲಿ ಇದಕ್ಕೆ ಪ್ರಸಿದ್ಧ ಉದಾಹರಣೆ ಇದೆ. 1976ರ ಜೂನ್ 4ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡ ಒಂದು ಚಿಕ್ಕ ಸಭಾಂಗಣದಲ್ಲಿ ಹಾಡಿತು. ಕೇಳಲು ಇದ್ದವರು ಸುಮಾರು 40 ಜನ. ಆ ನಲವತ್ತರಲ್ಲಿ ಕೆಲವರು ಮುಂದೆ ತಾವೇ ದೊಡ್ಡ ತಂಡ ಕಟ್ಟಿ ಹೆಸರಾದದ್ದರಿಂದ ಆ ಸಂಜೆ ಇತಿಹಾಸವಾಯಿತು. ಆಮೇಲೆ ‘ನಾನೂ ಅಲ್ಲಿದ್ದೆ’ ಎನ್ನುವವರನ್ನು ಕೂಡಿಸಿದರೆ ಒಂದು ಕ್ರೀಡಾಂಗಣ ತುಂಬುತ್ತದೆ ಎಂದು ಅಲ್ಲಿಯವರೇ ನಗುತ್ತಾರೆ. ಅವರಲ್ಲಿ ಬಡಾಯಿಯವರೂ ಇದ್ದಾರು. ಆದರೆ ಅದೇ ಸಭಾಂಗಣಕ್ಕೆ ಆರು ವಾರದ ಮೇಲೆ ಆ ತಂಡ ಮತ್ತೊಮ್ಮೆ ಬಂದಿತ್ತು, ಆಗ ಜನ ಹೆಚ್ಚಿದ್ದರು. ಎರಡನೆಯದಕ್ಕೆ ಹೋದವರು ಮೊದಲನೆಯದನ್ನು ನೆನೆಸಿಕೊಂಡರೆ ಅದು ಸುಳ್ಳೋ, ಕಲಬೆರಕೆಯೋ?

ನಮ್ಮಲ್ಲೂ ಇದೆ. ‘ಬೆಂಗಳೂರಲ್ಲಿ ಪಿಂಕ್ ಫ್ಲಾಯ್ಡ್ ನೋಡಿದ್ದೇನೆ’ ಎಂದು ಹೇಳುವವರು ನಿಮಗೂ ಸಿಕ್ಕಿರಬಹುದು. ಪಿಂಕ್ ಫ್ಲಾಯ್ಡ್ ಭಾರತದಲ್ಲಿ ಕಾರ್ಯಕ್ರಮ ಕೊಟ್ಟೇ ಇಲ್ಲ. ಬಂದದ್ದು ರೋಜರ್ ವಾಟರ್ಸ್, ತನ್ನದೇ ಬೇರೆ ತಂಡ ಕಟ್ಟಿಕೊಂಡು. ಆತ ಪಿಂಕ್ ಫ್ಲಾಯ್ಡ್ ಬಿಟ್ಟದ್ದು 1985ರಲ್ಲಿ. ಹಾಡಿದ್ದು ಬಹುಪಾಲು ಆ ತಂಡದ ಹಾಡುಗಳನ್ನೇ, ಆದ್ದರಿಂದ ನೆನಪಿನಲ್ಲಿ ತಂಡವೇ ಬಂದಂತೆ ಕೂತಿತು.

ಗದಗಿನವರಿಗೆ ಭೀಮಸೇನರ ಲೆಕ್ಕ

ರಾಕ್ ನಮ್ಮ ಕಡೆ ಕೇಳುವವರು ಕಡಿಮೆ. ಆದರೆ ‘ನಾ ಎದುರಿಗೇ ಕೂತು ಕೇಳೇನಿ’ ಎಂಬ ಮಾತು ಗದಗ ಜಿಲ್ಲೆಯಲ್ಲಿ ಬೇರೆ ಹೆಸರುಗಳ ಸುತ್ತ ನಡೆಯುತ್ತದೆ. ಭೀಮಸೇನ ಜೋಶಿ ಹುಟ್ಟಿದ್ದು 1922ರಲ್ಲಿ, ನಮ್ಮ ರೋಣದಲ್ಲಿ. ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು 2010ರವರೆಗೂ ನಮ್ಮ ನಡುವೆ ಇದ್ದರು. ಇವರನ್ನು ಕೇಳಿದವರು ಪ್ರತಿ ಓಣಿಯಲ್ಲೂ ಇದ್ದಾರೆ, ಆ ನೆನಪುಗಳಲ್ಲಿ ಬಹುಪಾಲು ನಿಜವೇ.

ಆದರೂ ಕೆಲವು ಸಲ ವರ್ಷದ ಲೆಕ್ಕ ಹಾಕಿದರೆ ಸಾಕು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಬಾಲಕ ಭೀಮಸೇನ ಗುರುವನ್ನು ಹುಡುಕಿ ಮನೆ ಬಿಟ್ಟ ಕಥೆ ನಮಗೆಲ್ಲ ಗೊತ್ತು. ಖಾನರು ತೀರಿಕೊಂಡದ್ದು 1937ರಲ್ಲಿ. ಪಂಚಾಕ್ಷರಿ ಗವಾಯಿಗಳು 1944ರಲ್ಲಿ. ಯಾರಾದರೂ ಹಿರಿಯರು ಇವರನ್ನು ‘ಎದುರಿಗೆ ಕೂತು’ ಕೇಳಿದ್ದೇನೆ ಎಂದರೆ ಅವರ ಹುಟ್ಟಿದ ವರ್ಷ ಕೇಳಿ. 1940ರಲ್ಲಿ ಹುಟ್ಟಿದ ಅಜ್ಜ ಕೇಳಿದ್ದು ಗ್ರಾಮೊಫೋನಿನಲ್ಲಿ, ಅಥವಾ ತನ್ನ ಅಪ್ಪನ ಬಾಯಲ್ಲಿ. ಅಪ್ಪ ಎಷ್ಟು ಚೆನ್ನಾಗಿ ಹೇಳಿದ್ದನೆಂದರೆ ಮಗನ ಕಣ್ಣ ಮುಂದೆ ಕಛೇರಿಯೇ ನಡೆದುಹೋಯಿತು. (ಹೀಗೆ ಕೇಳುವಾಗ ದನಿ ಮೆತ್ತಗಿರಲಿ. ಅಜ್ಜನಿಂದ ಬೈಸಿಕೊಂಡ ಅನುಭವದಿಂದ ಹೇಳುತ್ತಿದ್ದೇನೆ.)

ಇದರ ಮೇಲೆ ಒಂದು ಅಧ್ಯಯನವೂ ಇದೆ. 2013ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹಾನ್ಸಲ್ ಮತ್ತು ಜೊತೆಯವರು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ ಬೇರೆ ಬೇರೆ ದಶಕದ ಹಾಡು ಕೇಳಿಸಿದರು. ತಮ್ಮ ಕಾಲದ ಹಾಡುಗಳ ಜೊತೆಗೆ, ಅಪ್ಪ ಅಮ್ಮ ಹರೆಯದಲ್ಲಿದ್ದ ಕಾಲದ ಹಾಡುಗಳಿಗೂ ಅವರಲ್ಲಿ ಗಟ್ಟಿ ನೆನಪು, ಭಾವನೆ ಇದ್ದವು. ಅಂದರೆ ಮನೆಯಲ್ಲಿ ಕೇಳುತ್ತ ಬೆಳೆದ ಹಾಡು ನಮ್ಮದೇ ಆಗಿಬಿಡುತ್ತದೆ.

ಹರೆಯದ ನೆನಪೇ ಯಾಕೆ ಇಷ್ಟು ಗಟ್ಟಿ?

ನಲವತ್ತು ದಾಟಿದವರನ್ನು ಜೀವನದ ಮುಖ್ಯ ನೆನಪು ಹೇಳಿ ಅಂದರೆ ಹೆಚ್ಚಿನವು 10ರಿಂದ 30 ವಯಸ್ಸಿನ ನಡುವಿನವೇ ಇರುತ್ತವೆ. ಮೊದಲ ನೌಕರಿ, ಮೊದಲ ಊರು ಬಿಟ್ಟದ್ದು, ಮೊದಲ ಪ್ರೀತಿ, ಮೊದಲ ದೊಡ್ಡ ಶೋ. ಮೊದಲನೆಯದು ಎಂಬುದೇ ಒಂದು ಕಾರಣ. ಎರಡನೆಯ ಕಾರಣ ಭಾವನೆ. ಎದೆ ಬಡಿದುಕೊಳ್ಳುವ ಹೊತ್ತಿನಲ್ಲಿ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ಮೆದುಳಿನ ಅಮಿಗ್ಡಲಾ ಎಂಬ ಭಾಗ ‘ಇದನ್ನು ಗಟ್ಟಿಯಾಗಿ ಇಟ್ಟುಕೋ’ ಎಂದು ಹಿಪೊಕ್ಯಾಂಪಸ್ಸಿಗೆ ಹುಕುಂ ಕೊಡುತ್ತದೆ. ಮೂರನೆಯದು, ಅಂಥ ಕಥೆಯನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ.

ಎಡವಟ್ಟು ಇರುವುದೂ ಇಲ್ಲೇ. ಭಾವನೆ ಉಳಿಸುವುದು ನಡುವಿನ ತಿರುಳನ್ನು. ಮಳೆ, ಆ ಸದ್ದು, ಆ ಸಂತೋಷ. ಪಕ್ಕದಲ್ಲಿ ಯಾರಿದ್ದರು, ಯಾವ ಬಸ್ಸಿಗೆ ಹೋದೆವು, ಮೊದಲ ಹಾಡು ಯಾವುದು, ಇಂಥ ಅಂಚಿನ ವಿವರ ಬೇಗ ಮಾಸುತ್ತದೆ. ಹೇಳುವಾಗ ಮಾತ್ರ ವಿವರ ಬೇಕೇ ಬೇಕು, ಇಲ್ಲದಿದ್ದರೆ ಕಥೆ ಸಪ್ಪೆ. ಅಲ್ಲಿ ಹೊಲಿಗೆ ಬೀಳುತ್ತದೆ. ಮುಂದಿನ ಸಲ ನೆನಪಾಗುವುದು ಹೊಲಿಗೆ ಹಾಕಿದ ಕೌದಿಯೇ.

‘ಅಷ್ಟು ಸ್ಪಷ್ಟವಾಗಿ ನೆನಪಿದೆ, ತಪ್ಪಾಗಲು ಸಾಧ್ಯವೇ ಇಲ್ಲ’

ಸಾಧ್ಯವಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟವಾಯಿತು. ಮರುದಿನ ಬೆಳಗ್ಗೆಯೇ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳ ಕೈಗೆ ಕಾಗದ ಕೊಟ್ಟು, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ ಎಂದು ಬರೆಸಿಕೊಂಡರು. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆ ಕೇಳಿದಾಗ ಸುಮಾರು ಕಾಲು ಭಾಗ ಜನರ ಉತ್ತರ ಮುಖ್ಯ ಅಂಶಗಳಲ್ಲೆಲ್ಲ ಬೇರೆಯಾಗಿತ್ತು. ಪೂರ್ತಿ ಸರಿ ಇದ್ದವರು ಮೂರೇ ಜನ. ತಪ್ಪು ಹೇಳಿದವರಿಗೆ ತಮ್ಮ ನೆನಪಿನ ಮೇಲೆ ಗಟ್ಟಿ ನಂಬಿಕೆ ಇತ್ತು. ಅವರದೇ ಕೈಬರಹ ತೋರಿಸಿದ ಮೇಲೂ ಹಳೆಯ ನೆನಪು ಮರಳಲಿಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಇನ್ನೂ ಎಚ್ಚರಿಕೆಯಿಂದ ಮಾಡಿದರು. ದಾಳಿಯ ನೆನಪನ್ನೂ, ಅದೇ ವಾರದ ಒಂದು ಸಾಮಾನ್ಯ ದಿನದ ನೆನಪನ್ನೂ ಬರೆಸಿಕೊಂಡು ತಿಂಗಳುಗಳ ಮೇಲೆ ಹೋಲಿಸಿ ನೋಡಿದರು. ಎರಡೂ ಒಂದೇ ಪ್ರಮಾಣದಲ್ಲಿ ಕೆಟ್ಟಿದ್ದವು. ದಾಳಿಯ ದಿನದ ಬಗ್ಗೆ ‘ನನಗೆ ಚೆನ್ನಾಗಿ ನೆನಪಿದೆ’ ಎಂಬ ಭರವಸೆ ಮಾತ್ರ ಕೆಟ್ಟಿರಲಿಲ್ಲ.

ಇದು ಬರೀ ಓಣಿಯ ಜಗಳದ ಮಾತಲ್ಲ. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾಗಿ ಜೈಲಿನಿಂದ ಹೊರಬಂದವರ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 70ರಲ್ಲಿ ಪ್ರತ್ಯಕ್ಷ ಸಾಕ್ಷಿ ತಪ್ಪು ವ್ಯಕ್ತಿಯನ್ನು ಗುರುತಿಸಿದ್ದ. ಅವರೆಲ್ಲ ಬೇಕಂತಲೇ ಸುಳ್ಳು ಹೇಳಿದವರಲ್ಲ. ‘ನಾನೇ ಕಣ್ಣಾರೆ ಕಂಡೆ’ ಎಂದು ನಂಬಿಯೇ ಹೇಳಿದವರು.

ನೆನಪು ಯಾರದು?

ಈಗ ಕಾಕಾನ ದೋಸ್ತನ ವಿಷಯಕ್ಕೆ ಬರೋಣ. ನಾನು ಇದನ್ನು ಬರೆಯಲು ಕೂತಾಗ ದೋಸ್ತನ ಹೆಂಡತಿಯನ್ನು ಕೇಳಿದೆ. ಅವರು ಹೇಳಿದ್ದು ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿತು: ‘ನಮ್ಮನಿಯವರೂ ಹಂಗ ಹೇಳ್ತಿದ್ರಪಾ. ಮಳ್ಯಾಗ ನಿಂತ ನೋಡೇವಿ ಅಂತ. ನಾ ಎಷ್ಟ ಸಲ ನಕ್ಕೇನಿ, ಅವತ್ತ ನೀವು ದವಾಖಾನಿ ಕಟ್ಟಿಮ್ಯಾಲ ಕುಂತಿದ್ರಿ ಅಂತ.’

ಅಂದರೆ ಹೋಗದೇ ಇದ್ದವರಿಗೂ ಹೋದ ನೆನಪಿತ್ತು! 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದರ ಬಗ್ಗೆಯೇ ಇದೆ. ಅವಳಿಗಳನ್ನು ಕೂಡಿಸಿ ಬಾಲ್ಯದ ನೆನಪು ಕೇಳಿದರೆ ‘ಸೈಕಲ್ಲಿನಿಂದ ಬಿದ್ದದ್ದು ನಾನು’, ‘ಅಲ್ಲ, ನಾನು’ ಎಂದು ಇಬ್ಬರೂ ಒಂದೇ ಘಟನೆಗೆ ಹಕ್ಕು ಸಾಧಿಸಿದ ಜೋಡಿಗಳೇ ಹೆಚ್ಚು. ಅವಳಿಗಳಲ್ಲದ ಒಡಹುಟ್ಟಿದವರಲ್ಲೂ, ಗೆಳೆಯರಲ್ಲೂ ಇದು ಕಂಡಿತು. ಒಂದೇ ರೂಮಿನಲ್ಲಿ ಇದ್ದು, ಒಂದೇ ಕ್ಯಾಸೆಟ್ ಸವೆಸಿ, ಒಂದೇ ಶೋದ ಕಥೆಯನ್ನು ವರ್ಷಗಟ್ಟಲೆ ಒಬ್ಬರು ಹೇಳಿ ಒಬ್ಬರು ಹೂಂಗುಟ್ಟಿದರೆ ಗಡಿ ಅಳಿಸಿಹೋಗುತ್ತದೆ.

ಗ್ರೂಪಿನ ಫೋಟೊ ಇದಕ್ಕೆ ಇನ್ನಷ್ಟು ನೀರೆರೆದಿರಬೇಕು. 2002ರಲ್ಲಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಜನರಿಗೆ ಅವರ ಬಾಲ್ಯದ ನಿಜವಾದ ಫೋಟೊಗಳ ನಡುವೆ ಒಂದು ನಕಲಿ ಸೇರಿಸಿ ತೋರಿಸಿದರು. ಮಗುವಾಗಿದ್ದಾಗ ಬಿಸಿಗಾಳಿ ಬಲೂನಿನಲ್ಲಿ ಕೂತಂತೆ ಅಂಟಿಸಿದ ಚಿತ್ರ. ಮೂರು ಸಲ ಮಾತಾಡಿಸುವಷ್ಟರಲ್ಲಿ ಅರ್ಧ ಜನ ನಡೆಯದೇ ಇದ್ದ ಆ ಹಾರಾಟವನ್ನು ಪೂರ್ತಿಯೋ ಅರೆಬರೆಯೋ ‘ನೆನಪು’ ಮಾಡಿಕೊಂಡರು. ಫೋಟೊ ಕೂಡ ಬೇಕಿಲ್ಲ. 1992ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸರಕು ವಿಮಾನವೊಂದು ವಸತಿ ಕಟ್ಟಡಕ್ಕೆ ಬಡಿಯಿತು. ಬಡಿದ ಕ್ಷಣದ ದೃಶ್ಯ ಯಾವ ಟಿವಿಯಲ್ಲೂ ಬಂದಿರಲಿಲ್ಲ. ಹತ್ತು ತಿಂಗಳ ಮೇಲೆ ‘ವಿಮಾನ ಬಡಿಯುವುದನ್ನು ಟಿವಿಯಲ್ಲಿ ನೋಡಿದಿರಾ?’ ಎಂದು ಕೇಳಿದಾಗ ನೂರಕ್ಕೆ 55 ಜನ ಹೌದು ಎಂದರು.

ಆಗ ಒಂದು ನಕಲಿ ಫೋಟೊ ಮಾಡಲು ಕಂಪ್ಯೂಟರು ಬಲ್ಲವರು ಬೇಕಿತ್ತು. ಈಗ ಎಐ ಆ್ಯಪಿನಲ್ಲಿ ಮಕ್ಕಳೂ ಮಾಡುತ್ತಾರೆ. ‘ನಮ್ಮ ಊರಿನ ಹಳೆಯ ಅಪರೂಪದ ಚಿತ್ರ’ ಎಂದು ಬರುವ ಫಾರ್ವರ್ಡು ನಿಮ್ಮ ಅಜ್ಜಿಯ ನಿಜವಾದ ನೆನಪಿನ ಮೇಲೆ ಕೂತುಬಿಟ್ಟರೆ ಅದನ್ನು ಬಿಡಿಸಿ ತೆಗೆಯಲು ಆಗುವುದಿಲ್ಲ. ಸುಳ್ಳು ಸುದ್ದಿಯ ಈ ನಷ್ಟವನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ ಅನ್ನಿಸುತ್ತದೆ ನನಗೆ.

ಹಾಗಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ?

ಅರ್ಧ ಉಪಯೋಗ. 2014ರಲ್ಲಿ ಲಿಂಡಾ ಹೆಂಕೆಲ್ ಮ್ಯೂಸಿಯಮ್ಮಿನಲ್ಲಿ ಮಾಡಿದ ಪ್ರಯೋಗದಲ್ಲಿ, ಫೋಟೊ ತೆಗೆದ ವಸ್ತುಗಳಿಗಿಂತ ಬರೀ ಕಣ್ಣಲ್ಲಿ ನೋಡಿದ ವಸ್ತುಗಳೇ ಜನರಿಗೆ ಚೆನ್ನಾಗಿ ನೆನಪಿದ್ದವು. ‘ಫೋನು ಇಟ್ಟುಕೊಂಡಿದೆ’ ಎಂದು ತಲೆ ಕೈಬಿಡುತ್ತದೆ. ಆದರೆ 2017ರ ಇನ್ನೊಂದು ಅಧ್ಯಯನ ಸ್ವಲ್ಪ ಬೇರೆ ಹೇಳಿತು. ತಮಗೆ ಬೇಕಾದದ್ದನ್ನು ತಾವೇ ಆರಿಸಿ ಫೋಟೊ ತೆಗೆದವರಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಿಮೆ ನೆನಪಿತ್ತು. ಸಂಗೀತ ಕೇಳಲು ಹೋದವರು ಯೋಚಿಸಬೇಕಾದ ಮಾತು. ಒಂದೆರಡು ಫೋಟೊ ತೆಗೆದು, ದಿನಾಂಕ ಬರೆದಿಟ್ಟು, ಫೋನು ಜೇಬಿಗೆ ಹಾಕಿ.

ಕಿವಿಗೆ ಮಾತ್ರ ಹೊಲಿಗೆ ಹಾಕಲು ಬರುವುದಿಲ್ಲ

ಶೋ ನೋಡಿ ಬಂದವರ ನೆನಪಿನಲ್ಲಿ ಒಂದು ಸಾಮಾನ್ಯ ಸಾಲು: ‘ಎರಡು ದಿನ ಕಿವಿ ಗುಂಯ್ ಅಂತಿತ್ತು, ಆಮೇಲೆ ಸರಿ ಹೋಯಿತು.’ ಹೆಮ್ಮೆಯಿಂದ ಹೇಳುವ ಮಾತು ಇದು. ಗಣೇಶ ಬಿಡುವ ದಿನ ಡಿಜೆ ಮುಂದೆ ಕುಣಿದು ಬಂದ ಹುಡುಗರೂ ಇದನ್ನೇ ಹೇಳುತ್ತಾರೆ.

ಕಿವಿಯ ಒಳಗಿನ ಬಸವನ ಹುಳುವಿನಾಕಾರದ ಭಾಗದಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ಕೂದಲಿನ ಕೋಶಗಳಿವೆ. ಹುಟ್ಟುವಾಗ ಬಂದಷ್ಟೇ, ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಗುಂಯ್ ಎನ್ನುವುದು ಅವುಗಳಿಗೆ ಪೆಟ್ಟು ಬಿದ್ದ ಗುರುತು. ಸದ್ದು ನಿಂತಿತು ಎಂದರೆ ಪೂರ್ತಿ ವಾಸಿಯಾಯಿತು ಎಂದಲ್ಲ. ಇಲಿಗಳ ಮೇಲೆ 2009ರಲ್ಲಿ ನಡೆದ ಪ್ರಯೋಗದಲ್ಲಿ ಕೇಳುವ ಪರೀಕ್ಷೆ ಮಾಮೂಲಿಗೆ ಬಂದ ಮೇಲೂ ಕಿವಿಯನ್ನು ಮೆದುಳಿಗೆ ಜೋಡಿಸುವ ನರದ ಕೊಂಡಿಗಳು ಹಾಳಾಗಿಯೇ ಉಳಿದಿದ್ದವು. ‘ದ ಹೂ’ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತನ್ನ ಕಿವಿಮೊರೆತದ ಬಗ್ಗೆ ದಶಕಗಳಿಂದ ಹೇಳುತ್ತಲೇ ಇದ್ದಾರೆ.

ಲೆಕ್ಕ ಸರಳ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧ. 100 ಡೆಸಿಬೆಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ದೊಡ್ಡ ಶೋ, ಡಿಜೆ ಎರಡೂ ಈ 100ರ ಆಸುಪಾಸು ಅಥವಾ ಮೇಲೆ. ಇಯರ್‌ಪ್ಲಗ್ ಕೆಲಸ ಮಾಡುತ್ತದೆಯೇ ಎಂದು 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಸಂಗೀತ ಉತ್ಸವದಲ್ಲಿ 51 ಜನರ ಮೇಲೆ ನೋಡಿದರು. ನಾಲ್ಕೂವರೆ ಗಂಟೆ ಕೇಳಿದ ಮೇಲೆ, ಪ್ಲಗ್ ಹಾಕದವರ ಕಿವಿಗಳಲ್ಲಿ ನೂರಕ್ಕೆ 42ರಲ್ಲಿ ಕೇಳುವ ಶಕ್ತಿ ತಾತ್ಕಾಲಿಕವಾಗಿ ಕುಗ್ಗಿತ್ತು. ಹಾಕಿದವರಲ್ಲಿ ಅದು 8. ಹತ್ತಿ ತುರುಕಿಕೊಂಡರೆ ಈ ರಕ್ಷಣೆ ಸಿಗುವುದಿಲ್ಲ, ಸರಿಯಾದ ಇಯರ್‌ಪ್ಲಗ್ಗೇ ಬೇಕು. ಮಕ್ಕಳನ್ನು ಸ್ಪೀಕರಿನ ಹತ್ತಿರ ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲಬೇಡಿ.

ಒಂದು ಕಿವಿ ದಿಢೀರನೆ ಮಂದವಾದರೆ ‘ನಾಳೆ ಸರಿ ಹೋದೀತು’ ಎಂದು ಕಾಯಬೇಡಿ. ಅದಕ್ಕೆ ಔಷಧಿ ಮೊದಲ ಕೆಲವು ದಿನಗಳಲ್ಲಿ ಶುರುವಾದರೇ ಹೆಚ್ಚು ಗುಣ. ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ನಮ್ಮ ಮಲ್ಲಸಮುದ್ರದಲ್ಲೇ. ಅಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಕಾಕಾಗೆ ಮರೆವಿನ ಕಾಯಿಲೆಯೇ?

ಗ್ರೂಪಿಗೆ ಬಂದ ‘7 ಲಕ್ಷಣಗಳು’ ಫಾರ್ವರ್ಡಿನಲ್ಲಿ ಒಂದು ಸಾಲಿತ್ತು: ಹಳೆಯದು ಸ್ಪಷ್ಟವಾಗಿ ನೆನಪಿದ್ದರೆ ಮೆದುಳು ಆರೋಗ್ಯವಾಗಿದೆ ಎಂದರ್ಥ. ಇದು ಅಪಾಯಕಾರಿ ಸಲಹೆ. ಅಲ್‌ಝೈಮರ್ ಕಾಯಿಲೆ ಶುರುವಾಗುವಾಗ ಹೆಚ್ಚಾಗಿ ಮೊದಲು ಪೆಟ್ಟು ತಿನ್ನುವುದು ಹೊಸ ನೆನಪು. ನಲವತ್ತು ವರ್ಷ ಹಿಂದಿನ ಜಾತ್ರೆ ಚೆನ್ನಾಗಿ ಹೇಳುವ ಅಜ್ಜಿ, ಬೆಳಗ್ಗೆ ಊಟ ಮಾಡಿದ್ದನ್ನು ಮರೆತು ಮತ್ತೆ ತಾಟು ಕೇಳುತ್ತಾಳೆ. ಕೇಳಿದ ಪ್ರಶ್ನೆಯನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳುವುದು, ಗೊತ್ತಿದ್ದ ಹಾದಿ ತಪ್ಪುವುದು, ರೊಕ್ಕದ ಲೆಕ್ಕ ಕೈಕೊಡುವುದು, ಇವಕ್ಕೆ ಡಾಕ್ಟರ ಹತ್ತಿರ ಹೋಗಬೇಕು. ಇಪ್ಪತ್ತು ವರ್ಷದ ಹಿಂದೆ ಪಕ್ಕದಲ್ಲಿ ಯಾರು ನಿಂತಿದ್ದರು ಎಂಬುದು ತಪ್ಪಿದರೆ ಅದು ಕಾಯಿಲೆ ಅಲ್ಲ.

ಯಾರದಾದರೂ ನೆನಪನ್ನು ಸುಳ್ಳು ಅನ್ನುವ ಮೊದಲು ಅದರ ಸುತ್ತ ಗೂಟ ಹುಡುಕಿ. ಆ ವರ್ಷ ಯಾವ ಹಬ್ಬ ಹತ್ತಿರವಿತ್ತು, ಯಾವ ಮ್ಯಾಚು, ಯಾವ ಬಾಣಂತನ, ಯಾರ ಮದುವೆ. ದಿನಾಂಕ ನೆನಪಾಗುವುದಿಲ್ಲ, ಗೂಟ ನೆನಪಾಗುತ್ತದೆ. ಕಾಗದ ಇದ್ದರೆ ಇನ್ನೂ ಒಳ್ಳೆಯದು: ಟಿಕೆಟ್ಟು, ಜನನ ಪತ್ರ, ಹಾಜರಿ ಪುಸ್ತಕ. ಇಬ್ಬರಿದ್ದರೆ ಒಬ್ಬರ ಮುಂದೆ ಒಬ್ಬರನ್ನು ಕೇಳದೆ ಬೇರೆ ಬೇರೆ ಕೇಳಿ, ಇಲ್ಲವಾದರೆ ಮೊದಲು ಹೇಳಿದವರ ಕಥೆ ಎರಡನೆಯವರದೂ ಆಗುತ್ತದೆ. ‘ಅವನೂ ಇದ್ದನಲ್ಲ?’ ಎಂದು ಕೇಳಬೇಡಿ, ‘ಯಾರು ಯಾರು ಇದ್ದರು?’ ಎಂದು ಕೇಳಿ.

ನಾನು ಕಾಕಾನನ್ನು ಹಾಗೆಯೇ ಕೇಳಿದೆ. ಯುಗಾದಿ ಎಲ್ಲಿ ಮಾಡಿದಿರಿ ಅಂದೆ. ‘ರೂಮಿನ್ಯಾಗ, ಒಬ್ಬನ’ ಅಂದರು. ದೋಸ್ತ? ‘ಅವಾ ಊರಿಗೆ ಹೋಗಿದ್ದ. ಹೆಂಡತಿ ತುಂಬಿದ ಬಸುರಿ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ನೆನಪು ಮಾಡಿಕೊಂಡರು: ಟಿಕೆಟ್ ಎರಡು ತೆಗೆದಿದ್ದರು, ಎರಡನೆಯದನ್ನು ಅದೇ ಕಾರ್ಖಾನೆಯ ಬೇರೊಬ್ಬ ಹುಡುಗನಿಗೆ ಕೊಟ್ಟಿದ್ದರು. ಟವೆಲಿನ ಆ ಕಡೆ ತುದಿ ಹಿಡಿದದ್ದು ಅವನು. ಅವನ ಹೆಸರು ಕಾಕಾಗೆ ಈಗ ನೆನಪಿಲ್ಲ. ಶೋ ಮುಗಿಸಿ ಬಂದು ಮರುದಿನ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನು ಹಚ್ಚಿ, ಹೆಣ್ಣು ಹುಟ್ಟಿದ ಸುದ್ದಿ ಕೇಳಿ, ಮೀಟರ್ ಓಡುವುದನ್ನೂ ನೋಡದೆ ಶೋದ ಕಥೆಯೆಲ್ಲ ದೋಸ್ತನಿಗೆ ಹೇಳಿದ್ದರಂತೆ.

ಕಾಕಾ ಮತ್ತೆ ಗ್ರೂಪಿಗೆ ಬಂದಿದ್ದಾರೆ. ದೋಸ್ತನ ಮಗಳಿಗೆ ಒಂದು ಮೆಸೇಜು ಹಾಕಿದರು: ‘ನಿಮ್ಮಪ್ಪನ ಟಿಕೇಟ ನಾ ಬ್ಯಾರೇದವಗ ಕೊಟ್ಟೆ ತಂಗೀ. ಅವಗ ನಿನ್ನ ನೋಡೂದಿತ್ತು.’ ವೈಮನ್ ವಿಷಯ ಮಾತ್ರ ಅವರು ಇನ್ನೂ ಒಪ್ಪಿಲ್ಲ.